ಹುಟ್ಟು ಮುಟ್ಟದ ಶನಿವಾರ

"ಬೆಳಗಿನಿಂದ ಸಂಜೆತನಕ ದೋಣಿ ನಾನು ನಡೆಸ್ತೀನಿ. ನೀನು ಹುಟ್ಟು ಮುಟ್ಟಕೂಡದು. ರಾಣಿ ಹಾಗೆ ಕೂತು ಗಾಳ ಹಾಕು" ಎಂದು ಫಾರ್ಕರ್ ಡೋಲಿನಾಗೆ ಮಾತು ಕೊಟ್ಟದ್ದು ಮದುವೆಯಾದ ವರ್ಷ. ಆಮೇಲೆ ನಲವತ್ತೊಂದು ವರ್ಷ ಅವನು ಸದರ್ಲೆಂಡ್ ಸೀಮೆಯ ಬೆಟ್ಟದ ಕೆರೆಗಳಲ್ಲಿ ಹುಟ್ಟು ಹಾಕಿದ್ದು ಟ್ರೌಟ್ ಮೀನು ಹಿಡಿಯಲು ಹೋಟೆಲಿಗೆ ಬರುವ ಅತಿಥಿಗಳಿಗಾಗಿ. ವಾರದ ಆರು ದಿನ ಅವರದು. ಭಾನುವಾರ ದೇವರದು, ಅಂದು ಆ ಊರಲ್ಲಿ ಯಾರೂ ಗಾಳ ಮುಟ್ಟುವುದಿಲ್ಲ. ಹೆಂಡತಿಯ ಪಾಲಿಗೆ ದಿನವೇ ಉಳಿಯಲಿಲ್ಲ.

ಚಳಿಗಾಲದುದ್ದಕ್ಕೂ ಒಲೆ ಪಕ್ಕ ಕೂತು, ಕೊಕ್ಕೆಗೆ ಗರಿ, ಉಣ್ಣೆ ಸುತ್ತಿ ಆ ಅತಿಥಿಗಳಿಗೆ ಮೀನು ಮೋಸಹೋಗುವಂಥ ಹುಸಿ ನೊಣ ಕಟ್ಟಿಕೊಟ್ಟವಳು ಡೋಲಿನಾ. ಗಾಳ ಬೀಸುವುದನ್ನು ಹಿತ್ತಲ ಹುಲ್ಲಿನ ಮೇಲೆಯೇ ಕಲಿತಿದ್ದಳು. ತನ್ನ ಕೈಯ ನೊಣವನ್ನು ಮೀನು ಕಚ್ಚುವುದನ್ನು ಒಮ್ಮೆಯೂ ಕಂಡಿರಲಿಲ್ಲ.

ಕೆಲಸ ಬಿಟ್ಟು ಎರಡು ವರ್ಷವಾದರೂ ಫಾರ್ಕರ್ ಒಂದಲ್ಲ ಒಂದು ನೆಪ ತೆಗೆಯುತ್ತಿದ್ದ. ಗಾಳಿ ಹೆಚ್ಚು, ಗಾಳಿಯೇ ಇಲ್ಲ, ಮಂಡಿನೋವು. ಮೀನಿನ ಹಂಗಾಮಿನ ಕೊನೆಯ ಶನಿವಾರ ಅವಳೇ ಓಟ್ಸ್ ರೊಟ್ಟಿ, ಚೀಸ್ ಕಟ್ಟಿಕೊಂಡು, ಗಾಳದ ಕೋಲು ಹಿಡಿದು ಬಾಗಿಲಲ್ಲಿ ನಿಂತಳು. ಇವತ್ತು ಯಾವ ಮಂಡಿ ನೋಯುತ್ತಿದೆ ಎಂದು ಕೇಳಿದಳು. ಅವನು ಬೂಟು ಹಾಕಿಕೊಂಡ.

ಕೆರೆಯ ಮೇಲೆ ಹದವಾದ ಅಲೆಯಿತ್ತು. ಹತ್ತನೆಯದೋ ಹನ್ನೊಂದನೆಯದೋ ಬೀಸಿಗೆ ದಾರ ಬಿಗಿಯಿತು. ಮೀನು ಎರಡು ಸಲ ನೆಗೆದು, ದಣಿದು, ಮಗ್ಗುಲಾಗಿ ದೋಣಿಯ ಬದಿಗೆ ಬಂತು. ಫಾರ್ಕರ್ ಹುಟ್ಟು ಒಳಗೆಳೆದಿಟ್ಟು ಕೈಬಲೆ ಇಳಿಸಿದ. ಬಲೆ ಇಳಿದದ್ದು ಮೀನಿನಿಂದ ಒಂದು ಗೇಣು ಆಚೆ. ಅದರ ಅಂಚು ದಾರಕ್ಕೆ ತಗುಲಿತು, ಮೀನು ಕಳಚಿಕೊಂಡು ಹೋಯಿತು.

ನಲವತ್ತೊಂದು ವರ್ಷದಲ್ಲಿ ಅವನು ಬಲೆಗೆ ಬಂದ ಮೀನನ್ನು ಕಳೆದವನಲ್ಲ. ಕೈ ಜಾರಿತು ಎಂದ. ಅವನ ಕಣ್ಣು ಇನ್ನೂ ನೀರು ಚಿಮ್ಮಿದ ಸದ್ದಿನ ಕಡೆಗೇ ಇತ್ತು. ಬೆಳಿಗ್ಗೆ ಚಹಾ ಬಟ್ಟಲಿನ ಆಚೆ ಸುರಿದದ್ದು, ದಾರಿಯುದ್ದಕ್ಕೂ ಬೇಲಿತಂತಿ ಸವರಿಕೊಂಡು ನಡೆದದ್ದು, ಎರಡು ವರ್ಷದ ನೆಪಗಳು, ಎಲ್ಲ ಡೋಲಿನಾಗೆ ಒಟ್ಟಿಗೇ ತಿಳಿದವು. ಅವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

ಗಾಳಿ ದೋಣಿಯನ್ನು ಬಡಗಣ ಬಂಡೆಗಳ ಕಡೆ ತಳ್ಳುತ್ತಿತ್ತು. ಹುಟ್ಟು ತಾನು ತೆಗೆದುಕೊಂಡರೆ ದಡ ಸೇರಬಹುದು, ಆದರೆ ಆಮೇಲೆ ಇವನು ಇನ್ನೆಂದೂ ದೋಣಿ ಹತ್ತುವವನಲ್ಲ. ಅವಳು ಎರಡೂ ಕೈಯಲ್ಲಿ ಕೋಲನ್ನೇ ಹಿಡಿದುಕೊಂಡಳು.

"ನಿನ್ನ ಅತಿಥಿಗಳು ಬಾಯಿ ಮುಚ್ಕೊಂಡು ಕೂರ್ತಿದ್ರೇನೋ, ನಾನು ಕೂರೋಳಲ್ಲ. ಎಡಗೈ ಎಳಿ."

ಫಾರ್ಕರ್ ತಡವಿ ಹುಟ್ಟು ಹಿಡಿದ. "ಗೊತ್ತಾಯ್ತಾ ನಿಂಗೆ?"

"ಎಡಗೈ ಎಳಿ ಅಂದೆ."

"ಯಾವತ್ತಿಂದ ಗೊತ್ತು, ಮಾರಾಯ್ತಿ?"

"ಈಗ. ಬಂಡೆ ಹತ್ರ ಬಂತು, ಎಳೀತೀಯೋ ಇಲ್ವೋ?"

ಅವನು ಎಳೆದ.

ಆಮೇಲೆ ಸಂಜೆತನಕ ಅವಳು ಎಡ ಎಂದರೆ ಎಡ, ಬಲ ಎಂದರೆ ಬಲ. ನಡುವೆ ಎಲ್ಲಿ ಬೀಸಬೇಕೆಂದು ಅವನೂ ಅವಳನ್ನು ಗದರಿಸಿದ. ಕೆನ್ನೆಗೆ ತಾಗುವ ಗಾಳಿಯಿಂದಲೇ ಮೀನಿರುವ ಜಾಗ ಹೇಳಬಲ್ಲವನು. ಮೂರು ಟ್ರೌಟ್ ಸಿಕ್ಕವು, ಬಲೆಯನ್ನು ಅವಳೇ ಇಳಿಸಿದಳು. ಒಮ್ಮೆ ದೋಣಿಯ ತಳ ಕಲ್ಲಿಗೆ ಉಜ್ಜಿತು. ಬೆಳಕಿರುವಾಗಲೇ ದಡ ಸೇರಿದರು.

ಡೋಲಿನಾ ಹುಟ್ಟು ಮುಟ್ಟಲಿಲ್ಲ. ಫಾರ್ಕರ್ ಮಾತು ಉಳಿಸಿಕೊಂಡ.