ಮೂವರೂ ರಜೆ

ತಿಪಟೂರಿನ ಒಂದು ಸರ್ಕಾರಿ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಮೂರು ಕುರ್ಚಿ, ಮೂರು ಹುದ್ದೆ, ಒಬ್ಬಳೇ ನೂರೈನ್. ಆಪರೇಟರ್ ಕರಿಬಸವಯ್ಯ ನಿವೃತ್ತರಾದರು, ವಿಭಾಗಾಧಿಕಾರಿ ವರ್ಗವಾಗಿ ಹೋದರು. ಎರಡೂ ಜಾಗಕ್ಕೆ ‘ಪ್ರಭಾರ’ ಎಂದು ಬರೆದು, ಅಂದರೆ ಬೇರೆಯವರು ಬರುವ ತನಕ ನೀನೇ ನೋಡಿಕೋ ಎಂದು, ಟೆಕ್ನಿಕಲ್ ಅಸಿಸ್ಟೆಂಟ್ ನೂರೈನಳ ತಲೆಗೆ ಕಟ್ಟಿದರು. ಬೇರೆಯವರು ಬರುತ್ತಾರೆ ಅಂತ ಎರಡು ವರ್ಷದಿಂದ ಹೇಳುತ್ತಲೇ ಇದ್ದಾರೆ. ಎಲ್ಲಿಂದ ನಡೆದುಕೊಂಡು ಬರುತ್ತಿದ್ದಾರೋ ಏನೋ, ಪಾಪ!

ಈಗ ಬೆಂಬಲ ಬೆಲೆಗೆ ಕೊಬ್ಬರಿ ನೋಂದಣಿಯ ಕಾಲ ಬೇರೆ. ಕಾಯಿ ಸುಲಿದು ಸುಲಿದು ಸವೆದ ರೈತರ ಬೆರಳನ್ನು ಬೆರಳಚ್ಚಿನ ಆ ಹಾಳು ಮೆಷಿನ್ನು ಗುರುತಿಸುವುದಿಲ್ಲ. ಸರ್ವರ್ ಬಂದರೆ ಕರೆಂಟಿಲ್ಲ, ಕರೆಂಟು ಬಂದರೆ ಸರ್ವರ್ ಇಲ್ಲ. ಇದರ ಮೇಲೆ ತುರುವೇಕೆರೆಯಿಂದ, ಚಿಕ್ಕನಾಯಕನಹಳ್ಳಿಯಿಂದ ಫೋನು: ‘ಮೇಡಂ, ಇಲ್ಲೂ ನಿಂತೋಯ್ತು.’ ಮೊನ್ನೆ ಮನೆಯಲ್ಲಿ ತಾಯಿ, ಅವಳ ಅಮ್ಮಿ, ಊಟಕ್ಕೆ ಕರೆದರೆ ನೂರೈನ್ ‘ಟೋಕನ್ ಎಷ್ಟು?’ ಎಂದು ಕೇಳಿದ್ದಳು. ಅಮ್ಮಿ ನಕ್ಕರು. ನೂರೈನ್‌ಗೆ ಮಾತ್ರ ನಗು ಬರಲಿಲ್ಲ, ಹೆದರಿಕೆಯಾಯಿತು.

ಅಮ್ಮಿ ಫಾಮಿದಾ ಊರಿಗೆಲ್ಲ ಬ್ಲೌಸ್ ಹೊಲಿದುಕೊಡುವವರು. ಎರಡು ಕಣ್ಣಿಗೂ ಪೊರೆ ಬಂದು ಸೂಜಿಯ ಕಣ್ಣೇ ಕಾಣದಾಗಿತ್ತು. ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ನೂರೈನ್ ಹದಿನೈದು ಸೂಜಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದಳು. ಹದಿನೈದನೇ ದಾರ ಮುಗಿದರೆ ಅಮ್ಮಿಯ ಕೆಲಸವೂ ಮುಗಿಯಿತು. ಆಮೇಲೆ ಕೈಕಟ್ಟಿ ಮಗಳ ದಾರಿ ಕಾಯುವುದು. ಒಂದು ಕಣ್ಣಿನ ಆಪರೇಷನ್ ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು, ಎರಡು ಸಲವೂ ಈ ಆಫೀಸಿನ ದೆಸೆಯಿಂದ. ಈ ಗುರುವಾರ ತಪ್ಪಿದರೆ ಮೂರು ತಿಂಗಳು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೇ ನೂರೈನ್ ವಾರದ ಹಿಂದೆಯೇ ಆನ್‌ಲೈನಿನಲ್ಲಿ ರಜೆ ಹಾಕಿ, ದಿನಕ್ಕೆ ನಾಲ್ಕು ಸಲ ಫೋನು ನೋಡುತ್ತಿದ್ದಳು.

ಸೋಮವಾರ ಮಧ್ಯಾಹ್ನ ಮೆಸೇಜು ಬಂತು. ‘ಸಿಬ್ಬಂದಿ ಕೊರತೆಯ ಕಾರಣ ನಿಮ್ಮ ರಜೆಯನ್ನು ತಿರಸ್ಕರಿಸಲಾಗಿದೆ.’

“ಯಾವ ಕಲ್ಲೆದೆಯೋನು ಇವ್ನು? ತಾಯಿ ಇಲ್ವಾ ಇವ್ನಿಗೆ?” ಎಂದು ಕೂಗಾಡುತ್ತಾ ಕೆಳಗಿನ ಸಾಲು ಓದಿದಳು. ‘ನೂರೈನ್, ವಿಭಾಗಾಧಿಕಾರಿ (ಪ್ರಭಾರ).’

ಅಯ್ಯೋ ದೇವರೇ! ನೋಂದಣಿ ಮುಗಿಯುವ ತನಕ ಯಾರಿಗೂ ರಜೆ ಕೊಡಬೇಡಿ ಅಂತ ಮೇಲಿನಿಂದ ಆಜ್ಞೆಯಾಗಿತ್ತು. ಪ್ರತಿ ಸೋಮವಾರ ಹಳ್ಳಿಹಳ್ಳಿಯ ಆಪರೇಟರ್‌ಗಳ ಅರ್ಜಿಗಳು ಇವಳ ಮುಂದೆ ಬಂದು ಬೀಳುತ್ತಿದ್ದವು. ಇವಳು ತೆರೆದೂ ನೋಡದೆ ಎಲ್ಲಕ್ಕೂ ಒಟ್ಟಿಗೆ ಟಿಕ್ ಹಾಕಿ ತಿರಸ್ಕರಿಸುತ್ತಿದ್ದಳು. ಇವತ್ತಿನ ಹದಿನಾಲ್ಕರಲ್ಲಿ ಒಂದು ಅವಳದೇ ಆಗಿತ್ತು.

ಉಳಿದ ಹದಿಮೂರನ್ನು ಆಗ ಮೊದಲ ಸಲ ತೆರೆದು ಓದಿದಳು. ಹೊನ್ನವಳ್ಳಿಯ ನಿಸರ್ಗ ಕೇಳಿದ್ದು ಅರ್ಧ ದಿನ, ಮಗುವಿನ ಚುಚ್ಚುಮದ್ದಿಗೆ. ನಾಲ್ಕನೇ ಸಲ ಕೇಳಿದ್ದಳು. ನೂರೈನ್ ಕುರ್ಚಿಯಲ್ಲೇ ಅತ್ತುಬಿಟ್ಟಳು.

ಕಿಟಕಿಯಾಚೆ ಬೆರಳು ಒರೆಸಿಕೊಳ್ಳುತ್ತಾ ನಿಂತಿದ್ದವರು ಬಿಳಿಗೆರೆಯ ಅಜ್ಜಿ ಗುರುಶಾಂತಮ್ಮ. ಅವರ ಬೆರಳನ್ನು ಮೆಷಿನ್ನು ಮೂರು ದಿನದಿಂದ ಒಲ್ಲೆ ಎನ್ನುತ್ತಿತ್ತು.

“ಯಾಕವ್ವಾ? ನನ್ ಬೆರ್ಳಿಗೆ ಅಳ್ತಾ ಇದೀಯಾ? ಬುಡು, ನಾಳಿಕ್ ಬತ್ತೀನಿ.”

ನೂರೈನ್ ಎಲ್ಲವನ್ನೂ ಹೇಳಿಕೊಂಡಳು. ಗುರುಶಾಂತಮ್ಮ ಕೇಳಿಸಿಕೊಂಡು ಸೆರಗು ಸರಿಮಾಡಿಕೊಂಡರು.

“ನಿನ್ ರಜಾನ ನೀನೇ ಬ್ಯಾಡ ಅಂದ್ಯಾ? ಸರಿಹೋಯ್ತು! ಅಲ್ಲ ಕಣವ್ವ, ಕೊಬ್ರಿ ಆಗ್ಲಿ ಅಂತ ಕಾಯಿನ ವರ್ಷ ಅಟ್ಟದ್ ಮೇಲೆ ಸುಮ್ನೆ ಬುಡ್ತೀವಿ. ದಿನಾ ತಗ್ದು ಕುಟ್ತಾ ಇದ್ರೆ ಕೊಳ್ತೋಯ್ತದೆ. ಹೋಗು, ನಿಮ್ಮವ್ವನ್ ಕಣ್ಣು ನೋಡ್ಕೋ. ಇಲ್ಲಿ ನಾ ನೋಡ್ಕೋತೀನಿ.”

ನೂರೈನ್ ಕಣ್ಣೊರೆಸಿಕೊಂಡು ಮೊದಲು ನಿಸರ್ಗಳಿಗೆ ಫೋನು ಮಾಡಿದಳು: “ಹೋಗೇ ಮಾರಾಯ್ತಿ, ಅರ್ಜಿ ಗಿರ್ಜಿ ಆಮೇಲೆ.” ಬುಧವಾರ ಸಂಜೆ ಕಿಟಕಿಗೆ ಒಂದು ಹಾಳೆ ಅಂಟಿಸಿದಳು. ‘ಗುರುವಾರ ಈ ವಿಭಾಗದ ಮೂವರೂ ರಜೆ. ಶುಕ್ರವಾರ ಬನ್ನಿ.’

ಗುರುವಾರ ಹನ್ನೊಂದಕ್ಕೆ, ಅಮ್ಮಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವಳ ಫೋನು ಬಡಿದುಕೊಂಡಿತು. ಜಿಲ್ಲೆಯ ಮೇಲಧಿಕಾರಿ ದಯಾನಂದ್. ಯಾರೋ ಆ ಹಾಳೆಯ ಫೋಟೋ ಕಳಿಸಿದ್ದರು.

“ಏನಮ್ಮಾ ಇದು? ಮೂವರೂ ಒಟ್ಟಿಗೆ ರಜೆನಾ? ಹೇಳೋರು ಕೇಳೋರು ಇಲ್ವಾ? ಯಾರೋ ಅಜ್ಜಿ ಬಾಗಿಲಲ್ಲಿ ಕೂತು ಬಂದೋರನ್ನೆಲ್ಲ ಬೈದು ಕಳಿಸ್ತಾ ಇದ್ದಾರಂತೆ! ಒಬ್ಬರನ್ನಾದ್ರೂ ಈಗ್ಲೇ ಕಳಿಸು.”

“ಆಯ್ತು ಸಾರ್,” ಅಂದಳು ನೂರೈನ್. “ಯಾರನ್ನ ಕಳಿಸ್ಲಿ? ಪಟ್ಟಿ ನೋಡಿ ಹೇಳಿ.”

ಅತ್ತ ಕಾಗದ ಮಗುಚುವ ಸದ್ದು. “ಆಪರೇಟರ್ನ ಕಳಿಸು... ನೂರೈನ್. ಬೇಡ, ವಿಭಾಗಾಧಿಕಾರಿ... ನೂರೈನ್. ಹೋಗ್ಲಿ, ಅಸಿಸ್ಟೆಂಟು...” ಕಾಗದ ಕೆಳಗಿಟ್ಟ ಸದ್ದು ಕೇಳಿಸಿತು.

“ಎಲ್ಲಿದ್ದೀಯಮ್ಮಾ?”

“ಕಣ್ಣಾಸ್ಪತ್ರೆಲಿ ಸಾರ್. ಅಮ್ಮನ ಜೊತೆ.”

“ಅಲ್ಲೇ ಇರಿ,” ಅಂದರು ದಯಾನಂದ್, ಧ್ವನಿ ತಗ್ಗಿಸಿ. “ಮೂವರೂ ಅಲ್ಲೇ ಇರಿ. ನಾಳೆಯಿಂದ ಇಲ್ಲಿಂದ ಒಬ್ಬರನ್ನ ಕಳಿಸ್ತೀನಿ.”

ಅಮ್ಮಿಯನ್ನು ಹೊರಗೆ ಕರೆತಂದರು. ಒಂದು ಕಣ್ಣಿಗೆ ಪಟ್ಟಿ, ಮುಖದಲ್ಲಿ ಇಷ್ಟಗಲ ನಗು.

“ಯಾರು ಬೇಟಿ ಫೋನು? ಬಾ ಅಂತಾರಾ?”

“ಇಲ್ಲ ಅಮ್ಮಿ. ಮೂವರೂ ಇಲ್ಲೇ ಇರಿ ಅಂದ್ರು.”

“ಮೂವರಾ?” ಅಮ್ಮಿ ಪಟ್ಟಿಯಿಲ್ಲದ ಮಸುಕುಗಣ್ಣನ್ನು ಅತ್ತಿತ್ತ ಹೊರಳಿಸಿದರು. “ಬರ್ತಾರೆ ಬರ್ತಾರೆ ಅಂತಿದ್ದ ಇನ್ನಿಬ್ರೂ ಬಂದವ್ರಾ? ಹೇಳ್ಬಾರ್ದಾ? ಪಾಪ, ಎಷ್ಟು ಸುಸ್ತಾಗಿದ್ದಾರೋ! ಮೊದ್ಲು ಅವ್ರಿಗೆ ಚಾ ಕೊಡ್ಸು.”

ನೂರೈನ್ ಕ್ಯಾಂಟೀನಿನಿಂದ ಮೂರು ಚಾ ತಂದಳು. ಅಮ್ಮಿಯ ಪಕ್ಕದಲ್ಲಿ ಕೂತು, ಅವಸರವಿಲ್ಲದೆ, ಮೂರನ್ನೂ ಕುಡಿದಳು.