ಗೋಡೌನ್ ಬೈಲಪ್ಪನ ಭಿನ್ನರಾಶಿ

ಮೊದಲೇ ಹೇಳಿಬಿಡುತ್ತೇನೆ. ಹದಿನೇಳು ವರ್ಷ ನಾನು ಗಣಿತ ಪಾಠ ಮಾಡಿದ್ದು ಕಪ್ಪು ಹಲಗೆಗೆ, ಮಕ್ಕಳಿಗಲ್ಲ. ತರಗತಿಗೆ ಕಾಲಿಟ್ಟವನೇ ಹಲಗೆಯ ಕಡೆ ತಿರುಗಿದರೆ ಬೆಲ್ ಹೊಡೆದ ಮೇಲೇ ಈ ಕಡೆ ತಿರುಗುತ್ತಿದ್ದೆ. ಅಕ್ಷರ ದುಂಡಗೆ, ಲೆಕ್ಕ ಸರಿ, ನೋಟ್ಸ್ ಅಚ್ಚುಕಟ್ಟು. ಯಾವ ಅಧಿಕಾರಿಯೂ ನನ್ನ ಮೇಲೆ ಬೆರಳೆತ್ತಿದ್ದಿಲ್ಲ. ಮಕ್ಕಳಿಗೆ ನನ್ನ ಮುಖಕ್ಕಿಂತ ಬೆನ್ನು ಚೆನ್ನಾಗಿ ಗೊತ್ತಿತ್ತು, ಅಷ್ಟೆ.

ಇದಕ್ಕೆ ಕಾರಣ ಆರನೇ ಕ್ಲಾಸಿನ ಶಾಲಾ ವಾರ್ಷಿಕೋತ್ಸವ. ನನಗೆ ಸೇವಕನ ಪಾರ್ಟು ಕೊಟ್ಟಿದ್ದರು. ಇದ್ದದ್ದು ಒಂದೇ ಮಾತು: 'ಪ್ರಭೂ, ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದ್ದಾರೆ.' ಓಡಿ ಬಂದೆ, ಕೈ ಮುಗಿದೆ, ಎದುರಿಗೆ ಇಡೀ ಊರು ಕೂತಿರುವುದು ಕಂಡಿತು, ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ರಾಜನ ಪಾರ್ಟಿನವನು ಕಾದು ಕಾದು ಕೊನೆಗೆ ತಾನೇ, "ಏನಯ್ಯಾ, ಶತ್ರುಗಳು ಬಂದ್ರಾ?" ಅಂದ. ತಲೆಯಾಡಿಸಿದೆ. "ಕೋಟೆಗೆ ಮುತ್ತಿಗೆ ಹಾಕಿದ್ರಾ?" ಮತ್ತೆ ತಲೆಯಾಡಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ನಾಲ್ಕು ಜನರ ಎದುರು ಮುಖ ಕೊಟ್ಟು ನಿಂತರೆ ನನಗೆ ಮಾತು ಹೊರಡುವುದಿಲ್ಲ. ಹಾಗಿದ್ದವನು ಮೇಷ್ಟ್ರು ಯಾಕಾದೆ ಅಂತ ನನ್ನ ಹೆಂಡತಿ ಬಿಂದುಶ್ರೀ ಆಗಾಗ ಕೇಳುತ್ತಾಳೆ. ಅದಕ್ಕೂ ತಲೆಯಾಡಿಸುತ್ತೇನೆ.

ಇಂಥ ನನಗೆ ಇಲಾಖೆಯಿಂದ ಆದೇಶ ಬಂತು. 'ಶಿಕ್ಷಣದಲ್ಲಿ ರಂಗಕಲೆ', ಐದು ದಿನದ ತರಬೇತಿ, ನೆಲಮಂಗಲದಲ್ಲಿ, ಹಾಜರಾತಿ ಕಡ್ಡಾಯ, ತಪ್ಪಿದರೆ ಶಿಸ್ತು ಕ್ರಮ. ಕೆಳಗೆ ಚಿಕ್ಕ ಅಕ್ಷರದಲ್ಲಿ 'ಸಡಿಲವಾದ ಉಡುಪು ಧರಿಸಿ ಬರತಕ್ಕದ್ದು' ಎಂದಿತ್ತು. ಆ ಸಾಲು ಓದಿಯೇ ಆದೇಶವನ್ನು ಮಡಚಿ ಜೇಬಿಗಿಟ್ಟೆ. ಸಡಿಲ ಉಡುಪು ಹಾಕಿಸಿ ಮೇಷ್ಟ್ರುಗಳನ್ನು ಮರ ಮಾಡುತ್ತಾರೆ, ಗಾಳಿ ಮಾಡುತ್ತಾರೆ, ಕಪ್ಪೆ ಮಾಡಿ ಕುಪ್ಪಳಿಸಲು ಹಚ್ಚುತ್ತಾರೆ ಅಂತ ಹಿಂದಿನ ಬ್ಯಾಚಿನವರು ಹೇಳಿದ್ದರು.

ನನಗೊಬ್ಬ ಭಾಮೈದ ಇದ್ದಾನೆ, ಬೈಲಪ್ಪ. ದಾಬಸ್‌ಪೇಟೆಯ ಒಂದು ಗೋಡೌನಿನಲ್ಲಿ ಲೋಡಿಂಗ್ ಸೂಪರ್‌ವೈಸರ್. ಊರಲ್ಲಿ ಯಾರೇ ಪೌರಾಣಿಕ ನಾಟಕ ಆಡಿದರೂ ಇವನಿಗೊಂದು ಪಾರ್ಟು ಇರಲೇಬೇಕು. ಸಾಯುವ ಪಾರ್ಟು ಕೊಟ್ಟರಂತೂ ಮೂರು ಸಲ ಎದ್ದು ಎದ್ದು ಸಾಯುತ್ತಾನೆ. ನಾನು ಮಾಲೂರಿನ ಕಡೆಯಿಂದ ವರ್ಗವಾಗಿ ಶಿವಗಂಗೆ ಬೆಟ್ಟದ ಬುಡದ ಈ ಊರಿನ ಶಾಲೆಗೆ ಬಂದು ಎಂಟೇ ತಿಂಗಳಾಗಿತ್ತು. ನೆಲಮಂಗಲದಲ್ಲಿ ನನ್ನ ಮುಖ ಕಂಡವರು ಯಾರೂ ಇರಲಿಲ್ಲ. ಎರಡೂ ಕೂಡಿಸಿದೆ. ಗಣಿತದವನಲ್ಲವೇ, ಉತ್ತರ ತಕ್ಷಣ ಬಂತು.

"ಲೇ ಬೈಲಾ, ಐದು ದಿನ ನಾನಾಗ್ತೀಯೇನೋ?" ಅಂದೆ.

"ಅಷ್ಟೇ ತಾನೆ ಭಾವ? ನೈಟ್ ಶಿಫ್ಟ್ ಹಾಕಿಸ್ಕೊಂಡು ಬರ್ತೀನಿ. ಊಟ ಕೊಡ್ತಾರಾ?"

"ಕೊಡ್ತಾರೆ."

"ಸಿಹಿ?"

ಅವನ ಚಿಂತೆ ಅಲ್ಲಿಗೆ ಮುಗಿಯಿತು. ನನ್ನ ಸಹಿಯನ್ನು ಒಂದು ಹಾಳೆ ತುಂಬ ತಿದ್ದಿ, ಸೋಮವಾರ ಬೆಳಿಗ್ಗೆ ನನ್ನದೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟ. ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಬಿಂದುಶ್ರೀ ಬಿಡಿಸಲು ಒಂದು ರಾಶಿ ಅವರೆಕಾಯಿ ತಂದು ಮುಂದೆ ಸುರಿದಳು.

ನಡೆದದ್ದನ್ನೆಲ್ಲ ಬೈಲಪ್ಪ ಸಂಜೆ ಬಂದು ವರದಿ ಮಾಡುತ್ತಿದ್ದ. ತರಬೇತಿ ಕೊಡುವವಳು ಅಕ್ಷತ ಅಂತ, ಇನ್ನೂ ಮೂವತ್ತರೊಳಗಿನ ಹುಡುಗಿ, ರಂಗಭೂಮಿಯಲ್ಲಿ ಪಳಗಿದವಳು. ಮೊದಲ ದಿನವೇ ಎಲ್ಲರನ್ನೂ ನೆಲದ ಮೇಲೆ ಮಲಗಿಸಿ, ಕಣ್ಣು ಮುಚ್ಚಿ, ಮೈ ಸಡಿಲ ಬಿಡಿ ಅಂದಳಂತೆ. ನೈಟ್ ಶಿಫ್ಟ್ ಮುಗಿಸಿ ಹೋಗಿದ್ದ ಇವನು ನಿಜವಾಗಿಯೇ ನಿದ್ದೆ ಹೋಗಿದ್ದಾನೆ. ಉಳಿದ ಮೇಷ್ಟ್ರುಗಳು ಒಂದು ಕಣ್ಣು ತೆರೆದು ಗಡಿಯಾರ ನೋಡುತ್ತಿದ್ದಾಗ ಅವಳು ಇವನನ್ನು ತೋರಿಸಿ, "ನೋಡಿ, ಕೆಂಪರಾಜು ಸರ್ ಹೇಗೆ ಪೂರ್ತಿ ಶರಣಾಗಿದ್ದಾರೆ" ಅಂದಳಂತೆ. ನನ್ನ ಹೆಸರಿಗೆ ಇಲಾಖೆಯಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು, ಅದೂ ನಿದ್ದೆಗೆ.

ಮೂರನೇ ದಿನ ಬಂದವನು ಬಾಗಿಲಲ್ಲೇ ನಗಲು ಶುರುಮಾಡಿದ.

"ಭಾವ, ಇವತ್ತು ನಿಮ್ಮನ್ನೇ ಮಾಡ್ಬಿಟ್ಟೆ. ಒಬ್ಬ ಮೇಷ್ಟ್ರ ಕಷ್ಟ ಅಭಿನಯಿಸಿ ತೋರ್ಸಿ ಅಂದ್ರು. ಒಂದ್ಸಲ ನಿಮ್ಗೆ ಕ್ಯಾರಿಯರ್ ತಂದ್ಕೊಟ್ಟಾಗ ಕಿಟಕೀಲಿ ನೋಡಿದ್ನಲ್ಲ, ಹಂಗೇ ಬೆನ್ನು ಹಾಕ್ಕೊಂಡು ನಿಂತು ಪಾಠ ಮಾಡ್ದೆ. ಹಿಂದೆ ಹುಡುಗ್ರು ಏನ್ ಮಾಡಿದ್ರೂ ತಿರ್ಗಲ್ಲ. ಆ ಮೇಡಂ ನಕ್ಕು ನಕ್ಕು ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ನಾನು ಅವರೆಕಾಯಿ ಬುಟ್ಟಿ ಪಕ್ಕಕ್ಕೆ ತಳ್ಳಿದೆ. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ನಮ್ಮೂರಿನ ಜನ ಸಾಲದು ಅಂತ ಈಗ ಜಿಲ್ಲೆಯ ನಾಲ್ಕು ತಾಲ್ಲೂಕಿನವರೂ ನನ್ನನ್ನು ನೋಡಿ ನಕ್ಕಿದ್ದರು.

ಐದನೇ ದಿನದ ಸುದ್ದಿ ಇನ್ನೂ ಚೆನ್ನಾಗಿತ್ತು. ಬೈಲಪ್ಪ ತರಬೇತಿಯ ಅತ್ಯುತ್ತಮ ಶಿಕ್ಷಕನಾಗಿ ಆಯ್ಕೆಯಾಗಿದ್ದ. ಬಹುಮಾನವಾಗಿ, ಮುಂದಿನ ಗುರುವಾರ ಬೆಂಗಳೂರಿನಿಂದ ಬರುವ ದೊಡ್ಡ ಅಧಿಕಾರಿಯ ಮುಂದೆ ಮಾದರಿ ಪಾಠ. ವಿಷಯ ಭಿನ್ನರಾಶಿ. ಜಾಗ 'ಕೆಂಪರಾಜು ಸರ್ ಅವರ ಸ್ವಂತ ಶಾಲೆ'.

ಹೋಯಿತು ಕೆಲಸ ಅಂದುಕೊಂಡೆ. ಮಾಡಿದ್ದುಣ್ಣೋ ಮಹರಾಯ. ಬೇರೆ ದಾರಿ ಕಾಣದೆ ನಮ್ಮ ಹೆಡ್‌ಮೇಡಂ ಅನುಸೂಯಮ್ಮನವರ ಮುಂದೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನು ದಿಟ್ಟಿಸಿದರು.

"ಅಲ್ರೀ, ರಿಟೈರ್ ಆಗಕ್ಕೆ ಎರಡು ವರ್ಷ ಐತೆ ನಂಗೆ. ನಿಮ್ಮ ಜೊತೆ ನನ್ನೂ ಸಸ್ಪೆಂಡ್ ಮಾಡಿಸ್ಬೇಕು ಅಂತ ಹರಕೆ ಗಿರಕೆ ಹೊತ್ತಿದ್ರಾ?"

"ಮೇಡಂ, ರಜಾ ಹಾಕ್ಬಿಡ್ಲಾ?"

"ರಜಾ ಹಾಕಿದ್ರೆ ಅತ್ಯುತ್ತಮ ಶಿಕ್ಷಕರೆಲ್ಲಿ ಅಂತ ನಿಮ್ಮನೇಗೇ ಬರ್ತಾರೆ. ಆ ಮಹಾಶಯನ್ನೇ ಕರ್ಸಿ, ಪಾಠ ಮಾಡ್ಲಿ. ಮಕ್ಕಳಿಗೆ ನಾನು ಹೇಳ್ತೀನಿ."

ಮಕ್ಕಳಿಗೆ ಅವರು ಹೇಳಿದ್ದು ಇಷ್ಟೆ: ಗುರುವಾರ ನಮ್ಮ ಶಾಲೇಲಿ ಒಂದು ನಾಟಕ, ಬೇರೊಬ್ಬರು ಕೆಂಪರಾಜು ಸರ್ ಪಾರ್ಟು ಮಾಡುತ್ತಾರೆ, ನೋಡಲು ಬರುವವರಿಗೆ ಅದು ನಾಟಕ ಅಂತ ಗೊತ್ತಾಗಬಾರದು. ಇಲಾಖೆ ಐದು ದಿನದಲ್ಲಿ ಮೇಷ್ಟ್ರುಗಳಿಗೆ ಕಲಿಸಲಾರದ್ದು ನಮ್ಮ ಆರನೇ ಕ್ಲಾಸಿಗೆ ಐದು ನಿಮಿಷದಲ್ಲಿ ಅರ್ಥವಾಯಿತು. ಚಂದನ ಅನ್ನುವ ಹುಡುಗಿ ಮಾತ್ರ ಎದ್ದು ನಿಂತು, "ಮತ್ತೆ ನಮ್ಮ ಸಾರ್‌ದು ಯಾವ ಪಾರ್ಟು?" ಅಂದಳು.

ಬೈಲಪ್ಪನೂ ಅದನ್ನೇ ಹಿಡಿದು ಕೂತ. "ಭಾವ, ಆಕ್ಟಿಂಗ್ ನಂದು, ಲೆಕ್ಕ ನಿಮ್ದು. ನೀವು ಕಣ್ಣೆದುರಿಗಿರ್ಬೇಕು. ತಪ್ಪಾದ್ರೆ ಕೆಮ್ಮಿ."

ಹೀಗೆ ನಾನು ಗುರುವಾರ ಪಂಚೆ ಉಟ್ಟು, ಪೋಷಕನಾಗಿ, ನನ್ನದೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ನಿಜವಾದ ಪೋಷಕರಾದ ಚಿಕ್ಕವೆಂಕಟಪ್ಪ, ಹೆಗಲ ಮೇಲೆ ಟವೆಲ್ಲು. ವಿಷಯ ಅವರಿಗೆ ಮಗನಿಂದ ತಿಳಿದಿತ್ತು. "ಕೂತ್ಕಳಿ, ಕೂತ್ಕಳಿ" ಅಂತ ಮೀಸೆಯಲ್ಲೇ ನಗುತ್ತಿದ್ದರು. ಮುಂದೆ ಕುರ್ಚಿಯಲ್ಲಿ ಅಧಿಕಾರಿ, ಅವರ ಪಕ್ಕ ಅಕ್ಷತ. ಅನುಸೂಯಮ್ಮನವರು ಬಾಗಿಲಿಗೆ ಒರಗಿ ನಿಂತು ತುಟಿ ಅಲ್ಲಾಡಿಸುತ್ತಿದ್ದರು, ಯಾವ ದೇವರಿಗೋ.

ಬೈಲಪ್ಪ ಶುರುಮಾಡಿದ. ಒಪ್ಪಿಕೊಳ್ಳಬೇಕು, ಚೆನ್ನಾಗಿ ಶುರುಮಾಡಿದ. ಹಲಗೆ ಮುಟ್ಟಲೇ ಇಲ್ಲ. "ಏನ್ರಪ್ಪಾ, ಅಣ್ಣತಮ್ಮಂದಿರು ಭಾಗ ಆಗೋದು ನೋಡಿದೀರೇನ್ರೋ?" ಅಂದ. ಇಡೀ ತರಗತಿ ಕೈ ಎತ್ತಿತು. ನಮ್ಮ ಸುತ್ತಮುತ್ತ ಹೊಲಕ್ಕೆ ಬೆಲೆ ಬಂದ ಮೇಲೆ ಭಾಗ ಆಗದ ಮನೆಯಿಲ್ಲ. ನಿಮಿಷದಲ್ಲಿ ಮೂವತ್ತು ಗುಂಟೆ ಹೊಲ, ಮೂವರು ಅಣ್ಣತಮ್ಮಂದಿರು, ಒಂದು ಪಂಚಾಯ್ತಿಕಟ್ಟೆ ಸಿದ್ಧವಾದವು. ದೊಡ್ಡಣ್ಣನ ಪಾರ್ಟು ಚಂದನಳದು. ಸೊಂಟಕ್ಕೆ ಕೈಯಿಟ್ಟು, "ನಿಮ್ಮನ್ನೆಲ್ಲ ಸಾಕಿ ಸಲಹಿದೋನು ನಾನು. ಅರ್ಧ ನಂಗೇ" ಅಂತ ಅಬ್ಬರಿಸಿದಳು. ಎರಡನೆಯವನು ಮೂರನೇ ಒಂದು ಭಾಗ ಬೇಕು ಅಂತ ಹಟ ಹಿಡಿದ. ಅಧಿಕಾರಿ ಕುರ್ಚಿಯ ತುದಿಗೆ ಬಂದಿದ್ದರು. ಅವರ ಮನೆಯಲ್ಲೂ ಭಾಗದ ತಗಾದೆ ಇತ್ತೋ ಏನೋ.

"ಹಂಗಾದ್ರೆ ಚಿಕ್ಕೋನಿಗೆ ಉಳಿದಿದ್ದೆಷ್ಟು?" ಬೈಲಪ್ಪ ಪಂಚಾಯ್ತಿದಾರನ ಗತ್ತಿನಲ್ಲಿ ಕೇಳಿ, ತಾನೇ ಉತ್ತರವನ್ನೂ ಕೊಟ್ಟ. "ಎರಡರಲ್ಲೊಂದು, ಮೂರರಲ್ಲೊಂದು. ಮೇಲಿನ ಒಂದೂ ಒಂದೂ ಎರಡು. ಕೆಳಗಿನ ಎರಡೂ ಮೂರೂ ಐದು. ಐದರಲ್ಲಿ ಎರಡು ಹೋಯ್ತು. ಉಳಿದ ಐದರಲ್ಲಿ ಮೂರು ಭಾಗ ಚಿಕ್ಕೋನಿಗೆ!"

ಕೆಮ್ಮಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಮತ್ತೆ ಕೆಮ್ಮಿದೆ. ಚಿಕ್ಕವೆಂಕಟಪ್ಪ ನನ್ನ ಬೆನ್ನು ತಟ್ಟಿ ನೀರಿನ ಬಾಟಲಿ ಕೊಟ್ಟರು. ಅಧಿಕಾರಿ 'ವೆರಿ ಗುಡ್' ಅಂತ ಬರೆದುಕೊಳ್ಳುತ್ತಿದ್ದರು.

ಆಗ ಚಂದನ ಎದ್ದಳು. "ಅದೆಂಗೆ? ಅರ್ಧ ನಾನೇ ತಗೊಂಡಿದೀನಿ. ಇವನಿಗೆ ಅರ್ಧಕ್ಕಿಂತ ಜಾಸ್ತಿ ಎಲ್ಲಿಂದ ಬರುತ್ತೆ?"

ಬೈಲಪ್ಪನ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಆ ಮುಖ ನನಗೆ ಗೊತ್ತಿತ್ತು. ಆರನೇ ಕ್ಲಾಸಿನಲ್ಲಿ ಕೈ ಮುಗಿದು ನಿಂತಿದ್ದವನ ಮುಖ ಅದು. ಅಧಿಕಾರಿಯ ಪೆನ್ನು ನಿಂತಿತು. ಇಡೀ ತರಗತಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು.

ಧೈರ್ಯದಿಂದ ಎದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಒಂದು ತಪ್ಪು ಲೆಕ್ಕ ನನ್ನ ತರಗತಿಯ ನಡುವೆ ನಿಂತಿತ್ತು, ನನಗದು ಸಹಿಸಲಾಗಲಿಲ್ಲ. ಎದ್ದೆ. ಚಿಕ್ಕವೆಂಕಟಪ್ಪನವರ ಟವೆಲ್ಲು ಎಳೆದು ತಲೆಗೆ ಸುತ್ತಿಕೊಂಡೆ.

"ನಿಂತ್ಕಳ್ರಯ್ಯಾ! ಪಕ್ಕದ ಹೊಲದೋನು ನಾನು. ಬದು ನಂಗೂ ಸೇರಿದ್ದು. ಇಂಥ ಅಡ್ಡಾದಿಡ್ಡಿ ಪಂಚಾಯ್ತಿ ನಾನು ಒಪ್ಪಕಿಲ್ಲ."

ನನ್ನ ಬಾಯಿಂದಲೇ ಬಂದ ಮಾತು. ಮುಂದಿನದೂ ಬಂತು. ಆರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. "ಇವೇ ಹೊಲ. ಒಬ್ಬೊಬ್ಬನೂ ಐದೈದು ಗುಂಟೆ. ಎರಡಕ್ಕೂ ಮೂರಕ್ಕೂ ಲ.ಸಾ.ಅ. ಆರು, ಅದಕ್ಕೇ ಆರು ಪಟ್ಟೆ. ದೊಡ್ಡಣ್ಣಾ, ನಿನ್ನ ಅರ್ಧ ಎಳ್ಕೊ." ಚಂದನ ಮೂವರನ್ನು ಎಳೆದುಕೊಂಡಳು. "ನಡೂಲೋನೇ, ನಿನ್ನ ಮೂರನೇ ಒಂದು?" ಅವನು ಇಬ್ಬರನ್ನು ಹಿಡಿದ. ಉಳಿದವನು ಚಿಕ್ಕವೆಂಕಟಪ್ಪನ ಮಗ. ನಡುವೆ ಒಬ್ಬನೇ ನಿಂತು ಆ ಕಡೆ ಈ ಕಡೆ ನೋಡಿ, "ಚಿಕ್ಕೋನಿಗೆ ನಾನೊಬ್ನೇನಾ?" ಅಂದ.

"ನೀನೊಬ್ನೇ ಕಣಪ್ಪಾ. ಆರರಲ್ಲೊಂದು. ಐದು ಗುಂಟೆ. ಲೆಕ್ಕ ಸರಿ, ನ್ಯಾಯ ಸರಿಯಿಲ್ಲ. ಅದಕ್ಕೆ ಕೋರ್ಟಿಗೆ ಹೋಗು."

ತರಗತಿ ಹೋ ಎಂದು ನಕ್ಕಿತು. ಈ ಸಲ ನಾನೂ ನಕ್ಕೆ.

ಅಧಿಕಾರಿಗೆ ಪರಮಾನಂದ. "ನೋಡಿ, ಕೆಂಪರಾಜು ಸರ್ ಎಂಥ ಚಾಲಾಕಿ! ಬೇಕಂತ ತಪ್ಪು ಹೇಳಿ ಪೋಷಕರಿಂದಲೇ ಸರಿ ಮಾಡಿಸಿದರು. ಇದೇ ಸಮುದಾಯದ ಸಹಭಾಗಿತ್ವ" ಅಂತ ಬೈಲಪ್ಪನ ಕೈ ಕುಲುಕಿದರು. ಬೈಲಪ್ಪ ವಿನಯದಿಂದ ತಲೆ ಬಗ್ಗಿಸಿದ, ಕಳ್ಳ ನನ್ಮಗ. "ತಮ್ಮ ಹೆಸರು?" ಅಂತ ಅಧಿಕಾರಿ ನನ್ನನ್ನು ಕೇಳಿದರು.

"ಬೈಲಪ್ಪ ಸಾರ್. ದಾಬಸ್‌ಪೇಟೆ ಗೋಡೌನಲ್ಲಿ ಕೆಲಸ."

ಎಲ್ಲರೂ ಟೀಗೆ ಹೋದಾಗ ಅಕ್ಷತ ನನ್ನ ಪಕ್ಕಕ್ಕೆ ಬಂದು ನಿಂತಳು.

"ಗೋಡೌನ್ ಅವ್ರು ಲ.ಸಾ.ಅ. ಅನ್ನಲ್ಲ ಸರ್" ಅಂದಳು, ಮೆಲ್ಲಗೆ.

ಕೆಲಸ ಹೋಯಿತು ಅಂತ ಎರಡನೇ ಸಲ ಅನ್ನಿಸಿತು.

"ನಾನು ನಾಟಕದವಳು, ಪೊಲೀಸಲ್ಲ. ಇದು ಕೆಂಪರಾಜು ಅವ್ರ ಸರ್ಟಿಫಿಕೇಟು, ಇನ್ನೂ ಸಹಿ ಹಾಕಿಲ್ಲ. ಮುಂದಿನ ಬ್ಯಾಚು ಡಿಸೆಂಬರ್‌ನಲ್ಲಿ. ಅವ್ರೇ ಬಂದು ಐದು ದಿನ ಇದ್ರೆ ಹಾಕ್ತೀನಿ. ಸಡಿಲವಾದ ಬಟ್ಟೆ ಹಾಕ್ಕೊಂಡು ಬರಕ್ಕೆ ಹೇಳಿ."

ನಾನು ತಲೆಯಾಡಿಸಿದೆ. ಅವಳು ಕದಲಲಿಲ್ಲ. "ಬರ್ತೀನಿ ಮೇಡಂ" ಅಂದ ಮೇಲೆಯೇ ಹೋದಳು.

ಮಾರನೆಯ ದಿನ ಪ್ಯಾಂಟು ಹಾಕಿಕೊಂಡು ತರಗತಿಗೆ ಹೋದೆ. ಇನ್ನು ಮೇಲೆ ಬೇರೆ ಮನುಷ್ಯ ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಒಳಗೆ ಮೂವತ್ತೊಂದು ಮುಖ ಕಂಡದ್ದೇ ತಡ, ಕಾಲುಗಳು ತಾವಾಗಿ ಹಲಗೆಯ ಕಡೆ ತಿರುಗಿದವು. 'ಭಿನ್ನರಾಶಿ, ಮುಂದುವರಿದ ಭಾಗ' ಎಂದು ದುಂಡಗೆ ಬರೆದೆ.

"ಸಾರ್." ಚಂದನಳ ದನಿ. "ಗೋಡೌನ್ ಬೈಲಪ್ಪ ಬರಲ್ವಾ ಇವತ್ತು?"

ನನಗೆ ಚುಚ್ಚಿತು. ಐದರಲ್ಲಿ ಎರಡು ಅಂತ ತಪ್ಪು ಲೆಕ್ಕ ಹೇಳಿದವನು ಬೇಕು ಇವರಿಗೆ. ತಿರುಗದೆಯೇ, "ಅವರಿಗೆ ಶಿಫ್ಟ್ ಇದೆ. ಬರಲ್ಲ" ಅಂದೆ.

"ಅವ್ರಲ್ಲ ಸಾರ್. ನೀವು."

ಸೀಮೆಸುಣ್ಣ ಹಲಗೆಯ ಮೇಲೇ ನಿಂತಿತು.

"ನೆನ್ನೆ ಭಾಗ ಆದ ಮನೇಲಿ ಒಬ್ಳು ಅಕ್ಕನೂ ಇದ್ಳು ಸಾರ್, ಮದ್ವೆ ಆಗಿ ಹೋಗಿದ್ಳು. ಅವಳೂ ಈಗ ಭಾಗ ಕೇಳ್ತಾ ಅವ್ಳೆ. ನಾಲ್ಕು ಜನಕ್ಕೂ ಸಮ ಬೇಕಂತೆ. ಆರು ಜನ್ರನ್ನ ನಾಲ್ಕು ಜನಕ್ಕೆ ಹಂಚಿದ್ರೆ ಒಬ್ಬೊಬ್ರಿಗೂ ಒಂದೂವರೆ ಹುಡುಗ್ರು ಬರ್ತಾರೆ. ಹೆಂಗ್ ಸಾರ್ ಕತ್ತರ್ಸೋದು?"

ಚಿಕ್ಕವೆಂಕಟಪ್ಪನ ಮಗ ಆಗಲೇ ಹೊಟ್ಟೆ ಹಿಡಿದುಕೊಂಡು, "ನನ್ನ ಕತ್ತರಿಸ್ಬೇಡಿ!" ಅಂತ ಕಿರುಚಿದ.

ಸೀಮೆಸುಣ್ಣ ಮೇಜಿನ ಮೇಲಿಟ್ಟು, ಬ್ಯಾಗು ಎತ್ತಿಕೊಂಡು ನಾನು ಹೊರಗೆ ಹೋದೆ. ಅವನ ಅಪ್ಪನ ಟವೆಲ್ಲು ವಾಪಸ್ ಕೊಡಲೆಂದು ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದೆ. ಜಗಲಿಯ ಮೇಲೆ ನಿಂತು ಅದನ್ನು ತಲೆಗೆ ಸುತ್ತಿಕೊಂಡೆ. ಒಂದು ಸುತ್ತು ಜಾರಿತು, ಮತ್ತೆ ಸುತ್ತಿದೆ. ಅಲ್ಲಿಂದಲೇ ಕೂಗುತ್ತ ಒಳಗೆ ಬಂದೆ: "ಏನ್ರಯ್ಯಾ, ಇನ್ನೂ ಮುಗೀಲಿಲ್ವಾ ನಿಮ್ಮ ಭಾಗದ ಗಲಾಟೆ?"

ಮಕ್ಕಳು ಬೆಂಚು ಬಡಿದರು. ಅಭ್ಯಾಸಬಲ, ಕೈ ಮತ್ತೆ ಸೀಮೆಸುಣ್ಣಕ್ಕೆ ಹೋಯಿತು. ಅಷ್ಟರಲ್ಲಿ ಚಂದನ ಅದನ್ನು ಎತ್ತಿಕೊಂಡು ಹಲಗೆಯ ಮುಂದೆ ಹೋಗಿ ನಿಂತಿದ್ದಳು.

"ನಾನ್ ಬರ್ಕೋತೀನಿ ಸಾರ್. ನೀವು ಹುಡುಗ್ರ ಕಡೆ ತಿರುಗಿ ಹೇಳಿ."

ತಿರುಗಿದೆ. ಹೇಳಿದೆ.