ದಿನದ ಮಾತು

"ನಿನ್ನೇದು ಅಳಿಸ್ದೇ ಇವತ್ತಿಂದು ಎಲ್ಲಿ ಬರೀಲಿ ಮಾರಾಯ? ಕಪ್ಪುಹಲಗೆ ಇದ್ದಾಗ್ಲೂ ಹಂಗೇ ಮಾಡ್ತಿದ್ದೆ," ಎಂದರು ಪುಷ್ಪಮ್ಮ.

ಶಶಿಧರ್ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಭದ್ರಾವತಿಯ ಕಾರ್ಮಿಕರ ಕಾಲೊನಿಯ ವಾಚನಾಲಯವನ್ನು ಪುಷ್ಪಮ್ಮ ಇಪ್ಪತ್ತೈದು ವರ್ಷದಿಂದ ನಡೆಸುತ್ತಿದ್ದರು. ಪೇಪರ್ ಓದಲು ಬಂದವರ ಬಾಯಿಂದ ಬಿದ್ದ ಒಂದು ಮಾತನ್ನು ದಿನವೂ ವೆಬ್‌ಸೈಟಿಗೆ ಹಾಕುವುದು ಅವರ ರೂಢಿ. ಮರುದಿನ ಅದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದು. ದಿನಕ್ಕೊಂದು ಪುಟ ಮಾಡಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಿದ್ದವನು ಆ ವೆಬ್‌ಸೈಟು ಕಟ್ಟಿಕೊಟ್ಟಿದ್ದ ಶಶಿಧರನೇ.

"ಹಳೇದು ಸಿಗೋದು ಕಷ್ಟ ಅಮ್ಮ."

"ಒಂದೇ ಒಂದು ಬೇಕಿತ್ತು ಕಣೋ. ಹನ್ನೆರಡನೇ ಇಸವೀಲಿ ಒಂದಿನ ಬಂದ್ ಇತ್ತು, ಒಬ್ರೂ ಬರ್ಲಿಲ್ಲ. ನಮ್ಮನೆಯವ್ರು ಊಟದ ಡಬ್ಬಿ ತಂದಿದ್ರು. ಅವರ ಮಾತೇ ಹಾಕ್ದೆ. ಏನು ಹಾಕ್ದೆ ಅನ್ನೋದೇ ಮರ್ತು ಹೋಗಿದೆ. ಕೇಳೋಣ ಅಂದ್ರೆ ಅವರೇ ಇಲ್ಲ."

ಅವರ ಗಂಡ ಸಿದ್ದಯ್ಯ ತೀರಿಕೊಂಡು ಆರು ವರ್ಷವಾಗಿತ್ತು.

ಕಿಟಕಿ ಪಕ್ಕ ಪೇಪರ್ ಹಿಡಿದಿದ್ದ ಮೂರ್ತಪ್ಪ ಸಿದ್ದಯ್ಯನ ಜೊತೆ ಕಾರ್ಖಾನೆಯಲ್ಲಿ ದುಡಿದವರು. "ಅವನು ಬಾಯಿ ಬಿಟ್ಟಿದ್ದೇ ಅಪರೂಪ. ಅದನ್ನೂ ಅಳಿಸಿಬಿಟ್ರಲ್ಲ ಅಮ್ಮಾವ್ರೇ," ಎಂದರು.

"ನೀವು ಪೇಪರ್ ಓದಿ."

ಹಳೆಯ ವೆಬ್‌ಸೈಟುಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿ, ಕಂಪ್ಯೂಟರ್ ಅರಿಯದವರೂ ತಾವೇ ಬರೆದು ಪ್ರಕಟಿಸುವಂತೆ ಮಾಡಿಕೊಡುವುದು ಶಶಿಧರನ ಇಪ್ಪತ್ತು ವರ್ಷದ ಕಸುಬು. ಕಾಲೇಜು, ಸಹಕಾರ ಸಂಘ, ವಾರಪತ್ರಿಕೆ, ಎಷ್ಟೋ ಆಗಿವೆ. ಆದರೆ ಮೊಟ್ಟಮೊದಲು ಕಟ್ಟಿದ್ದು ಈ ವಾಚನಾಲಯದ್ದು. ಆಗ ಅವನು ದುರ್ಗಿಗುಡಿ ಬೀದಿಯ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ ಟೈಪ್ ಮಾಡುತ್ತಿದ್ದ. "ವೆಬ್‌ಸೈಟ್ ಮಾಡೋಕೆ ಬರುತ್ತಾ?" ಎಂದು ಪುಷ್ಪಮ್ಮ ಕೇಳಿದ್ದರು. "ಕಲೀತೀನಿ" ಎಂದಿದ್ದ. "ಹಂಗಾದ್ರೆ ಇಲ್ಲೇ ಕೂತು ಕಲಿ" ಎಂದು ವಾಚನಾಲಯದ ಕಂಪ್ಯೂಟರನ್ನೇ ಬಿಟ್ಟುಕೊಟ್ಟು, ಮಧ್ಯಾಹ್ನ ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಪಾಲು ಕೊಟ್ಟಿದ್ದರು. ಪರದೆಯ ಗುಂಡಿಯ ಮೇಲೆ ಇಂಗ್ಲಿಷ್ ಕಂಡು, "ಇದನ್ನ ಒತ್ತೋಳು ನಾನಾ, ಬೇರೆಯವ್ರಾ?" ಎಂದು ಗದರಿ 'ಹಾಕು' ಅಂತ ಬರೆಸಿದ್ದೂ ಅವರೇ. ಅಂದಿನಿಂದ ಯಾವ ಸೈಟಿಗೇ ಆಗಲಿ, ಬಳಸುವವರ ಪಕ್ಕ ಒಂದು ದಿನ ಕೂತು ಅವರ ಮಾತು ಕೇಳದೆ ಶಶಿಧರ್ ಕೈ ಹಾಕಿದವನಲ್ಲ.

ಈಗ ಅದೇ ಸೈಟಿನ ಸಾಗಣೆ ನಡೆದಿತ್ತು. ಇದ್ದದ್ದು ಹನ್ನೊಂದೇ ಪುಟ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಬೇಕಿದ್ದದ್ದು ಮುಗಿಯಲೇ ಇಲ್ಲ. ಅನುಮಾನ ಬಂದು ಹಳೆಯ ದಾಖಲೆಗಳನ್ನು ತೆರೆದರೆ ಐದು ಸಾವಿರಕ್ಕೂ ಮೀರಿದ ಸಾಲುಗಳು. ಅವನ ಕಿವಿ ಬಿಸಿಯಾಯಿತು. ಇದ್ದದ್ದನ್ನೇ ತಿದ್ದಿ ಉಳಿಸುವುದು ಹೇಗೆಂದು ಆ ಕಾಲದಲ್ಲಿ ಅವನಿಗೆ ಗೊತ್ತಿರಲಿಲ್ಲ. 'ಹಾಕು' ಒತ್ತಿದಾಗಲೆಲ್ಲ ಹೊಸ ಸಾಲು ಸೇರಿಸಿ, ಕೊನೆಯದೊಂದನ್ನೇ ತೋರಿಸುವ ಹಾಗೆ ಮಾಡಿದ್ದ. ಬೇರೆಯವರು ಮಾಡಿದ್ದರೆ ನಗುತ್ತಿದ್ದ.

"ಅಮ್ಮ, ನೀವು ಅಳಿಸಿದ್ದು ಯಾವುದೂ ಅಳಿಸಿಲ್ಲ."

"ಅಂದ್ರೆ?"

"ಅವಾಗ ನಂಗೆ ಅಳಿಸೋಕೇ ಬರ್ತಿರ್ಲಿಲ್ಲ."

"ದಡ್ಡತನಕ್ಕೂ ಒಂದು ಕಾಲ ಬರುತ್ತೆ ನೋಡಿ," ಎಂದರು ಮೂರ್ತಪ್ಪ, ಪೇಪರಿನ ಹಿಂದಿನಿಂದ.

"ಬಂದ್ ಯಾವ ತಿಂಗಳು ಅಮ್ಮ?"

"ತಿಂಗಳು ಯಾರಿಗೆ ನೆನಪಿರುತ್ತೆ? ಡಬ್ಬೀಲಿ ಅವರೆಕಾಳು ಸಾರಿತ್ತು."

ಅವರೆಕಾಳೆಂದರೆ ಜನವರಿ ಅಥವಾ ಡಿಸೆಂಬರ್. ಶಶಿಧರ್ ಒಂದೊಂದೇ ದಿನ ಸರಿಸುತ್ತ ಹೋದ. ಜನವರಿ ಮುಗಿಯುವ ಹೊತ್ತಿಗೆ ನಿಂತು, ಪರದೆಯನ್ನು ಪುಷ್ಪಮ್ಮನ ಕಡೆ ತಿರುಗಿಸಿದ.

'ಎರಡನೇ ಪಾಳಿ ಮುಗಿಸಿ ಬಾಗಿಲು ತಟ್ಟಿದರೆ ಇವಳು ಯಾರು ಅಂತ ಕೇಳ್ತಾಳೆ. ಇಪ್ಪತ್ತೆಂಟು ವರ್ಷದಿಂದ ನಾನೇ ಬರ್ತಿದೀನಿ. ಇನ್ನೂ ಕೇಳ್ತಾಳೆ. ಒಂದಿನ ಕೇಳದಿದ್ರೆ ಮನೆ ತಪ್ಪಿ ಬಂದ್ನೇನೋ ಅನ್ಸುತ್ತೆ. ಸಿದ್ದಯ್ಯ, ಲೇತ್ ವಿಭಾಗ.'

ಪುಷ್ಪಮ್ಮ ಎರಡು ಸಲ ಓದಿದರು. ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕರು.

"ನನ್ನ ಮರ್ಯಾದೆ ತೆಗ್ದಿದ್ದನ್ನ ನಾನೇ ಹಾಕಿದೀನಿ ನೋಡು." ಶಶಿಧರನ ಕಡೆ ತಿರುಗಿ, "ನಿಂಗೆ ಅವತ್ತೇ ಎಲ್ಲ ಬಂದಿದ್ರೆ ಇದು ಸಿಗ್ತಿರ್ಲಿಲ್ಲ, ಅಲ್ವಾ ಶಶಿ?"

"ನೀವು ಎಲ್ಲ ಬರೋನನ್ನೇ ಕರೆದಿದ್ರೂ ಸಿಗ್ತಿರ್ಲಿಲ್ಲ ಅಮ್ಮ," ಎಂದ ಶಶಿಧರ್.

ಮೂರ್ತಪ್ಪ ಪೇಪರ್ ಮಡಚಿ ಕಿಟಕಿಯ ಮೇಲಿಟ್ಟು, ಕುರ್ಚಿಯನ್ನು ದರದರ ಎಳೆದುಕೊಂಡು ಪರದೆಯ ಮುಂದೆ ಬಂದರು. ಪುಷ್ಪಮ್ಮ ತಮ್ಮ ಕುರ್ಚಿಯನ್ನು ಗೋಡೆಯ ಕಡೆ ಸರಿಸಿ ಅವರಿಗೆ ಜಾಗ ಮಾಡಿಕೊಟ್ಟರು.